ಓಯಾವೊರೆಯಿಂದ ಶುರು: ಕಿಸುಮು, ಬೊಂಡೊ ಕಡೆ ಧೊಲುವೊ ಮಾತಾಡುತ್ತಾ

ಶುಕ್ರವಾರ: ನೈರೋಬಿ ಬಿಟ್ಟು ಕಿಸುಮು ಕಡೆಗೆ

ಕೀನ್ಯಾದ ರಾಜಧಾನಿ ನೈರೋಬಿಯಿಂದ ವಿಕ್ಟೋರಿಯಾ ಸರೋವರದ ದಡದ ಕಿಸುಮುಗೆ ವಿಮಾನ ಇದೆ, ಒಂದು ಗಂಟೆಯೂ ಬೇಡ. ಆದರೂ ನಾವು ಬಸ್ ಹತ್ತಿದೆವು. ಹಗಲೆಲ್ಲ ಕೂತು ಮಾತಾಡಬಹುದಲ್ವಾ ಅಂತ ಗೆಳತಿಯೇ ಹೇಳಿದ್ದು. ಅವಳು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ನಮ್ಮ ಮನೆಯ ಮಹಡಿ ಮೇಲೆ ಬಾಡಿಗೆಗೆ ಇದ್ದಳು. ನಮ್ಮಮ್ಮನ ಹತ್ತಿರ ಕನ್ನಡ ಕಲಿತಳು. ಅದೂ ಎಂಥ ಕನ್ನಡ, 'ಬನ್ನಿ, ಕೂತ್ಕೊಳ್ಳಿ, ಊಟ ಆಯ್ತಾ' ಅನ್ನುವ ಕನ್ನಡ. ಈಗ ನಾನು ಅವಳ ಅಮ್ಮನ ಮನೆಗೆ ಹೊರಟಿದ್ದೆ. ಅವರ ಮನೆಮಾತು ಧೊಲುವೊ. ನನಗೂ ಅಂಥದ್ದೇ ಧೊಲುವೊ ಬೇಕಿತ್ತು. ದಾರಿ ಕೇಳಲು, ಸಾಮಾನು ಕೊಳ್ಳಲು ಕೀನ್ಯಾದಲ್ಲಿ ಇಂಗ್ಲಿಷ್ ಸಾಕು, ಸ್ವಲ್ಪ ಸ್ವಾಹಿಲಿ ಬಂದರೆ ಇನ್ನೂ ಒಳ್ಳೆಯದು. ಆದರೆ ಹಳ್ಳಿಯ ಮನೆಯಲ್ಲಿ, ಹಿರಿಯರ ಎದುರು ಕೂತು, ಮರ್ಯಾದೆಯಿಂದ ನಾಲ್ಕು ಮಾತಾಡಬೇಕು ಅಂದರೆ ಅವರ ಭಾಷೆಯೇ ಬೇಕು.

ಧೊಲುವೊ ಅಂದರೆ ಲುವೊ ಜನರ ಮಾತು. ವಿಕ್ಟೋರಿಯಾ ಸರೋವರದ ಕೀನ್ಯಾ ದಂಡೆಯ ಉದ್ದಕ್ಕೂ, ಕಿಸುಮು, ಸಿಯಾಯಾ, ಹೋಮಾ ಬೇ, ಮಿಗೋರಿ ಕಡೆಯೆಲ್ಲ ಇದೇ ಭಾಷೆ. ತಾಂಜಾನಿಯಾದ ಉತ್ತರದಲ್ಲೂ ಇದೆ. 2019ರ ಜನಗಣತಿಯಲ್ಲಿ ಕೀನ್ಯಾದ ಲುವೊ ಜನ 50 ಲಕ್ಷ ದಾಟಿದ್ದರು. ಇದು ನೈಲೋಟಿಕ್ ಕುಟುಂಬದ ಭಾಷೆ, ಉಗಾಂಡಾದ ಅಚೋಲಿಗೆ ಹತ್ತಿರದ ನೆಂಟ. ಸ್ವಾಹಿಲಿಯದು ಬೇರೆಯೇ ಕುಟುಂಬ. ಹಾಗಾಗಿ ಸ್ವಾಹಿಲಿ ಗೊತ್ತಿದೆ ಅಂತ ಧೊಲುವೊ ಊಹಿಸಲು ಹೋದರೆ ಆಗುವುದಿಲ್ಲ.

ಬಸ್ಸಿನಲ್ಲಿ ಮೊದಲ ಪಾಠ ಉಚ್ಚಾರದ್ದು. ಇದರಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಧೊಲುವೊದಲ್ಲಿ ಹಲ್ಲಿನ ಹತ್ತಿರ ಹುಟ್ಟುವ ಥ, ಧ ಬೇರೆ. ಸ್ವಲ್ಪ ಹಿಂದೆ ಹುಟ್ಟುವ ಟ, ಡ ಬೇರೆ. ಥ, ಧ ಹೇಳುವಾಗ ಹಲ್ಲಿನ ಸಂದಿಯಿಂದ ಗಾಳಿ ಬಿಡಬೇಕು. ಟ, ಡಗೆ ನಮ್ಮಷ್ಟು ನಾಲಿಗೆ ಮಡಚಬಾರದು. ಅಷ್ಟು ತಿದ್ದಿಕೊಂಡರೆ ಸಾಕು. ಇನ್ನು ಕನ್ನಡ ಕಾಗುಣಿತದಲ್ಲಿ ಸುಮ್ನೆ ಬರೆದು ಬಿಡುವ 'ಙ' ಇದೆಯಲ್ಲ, ಅದು ಇಲ್ಲಿ ದಿನವಿಡೀ ಬೇಕು. ಬಿಸಿಲೇರಿದ ಹೊತ್ತಿಗೆ ಹುಟ್ಟಿದ ಹುಡುಗ ಓಚಿಯೆಙ್, ಹುಡುಗಿ ಅಚಿಯೆಙ್. 'ಯಾರು' ಅಂತ ಕೇಳಲು 'ಙಾ'. ಹೆಸರನ್ನು ಸರಿಯಾಗಿ ಹೇಳುವುದೇ ಮರ್ಯಾದೆಯ ಮೊದಲ ಮೆಟ್ಟಿಲು ಅಂತ ಗೆಳತಿ ಇದನ್ನು ನಕುರು ದಾಟುವವರೆಗೂ ಬಿಡಲಿಲ್ಲ.

ಕೆರಿಚೊದ ಚಹಾ ತೋಟಗಳ ನಡುವೆ ಎರಡನೇ ಪಾಠ. ಬೆಳಗ್ಗೆ ಯಾರನ್ನೇ ಕಂಡರೂ 'ಓಯಾವೊರೆ'. ಮಧ್ಯಾಹ್ನ 'ಓಸಾವೊರೆ'. ಸಂಜೆ 'ಓಯಿಮೊರೆ'. ಹೊತ್ತು ಯಾವುದೇ ಇರಲಿ, 'ಮಿಸಾವ' ಅನ್ನಬಹುದು. ಉತ್ತರ ಕೊಡುವಾಗ ಅದೇ ಮಾತಿಗೆ 'ಅಹಿನ್ಯಾ' ಸೇರಿಸಬೇಕು. ಅಂದರೆ ತುಂಬಾ. ಓಯಾವೊರೆ ಅಂದವರಿಗೆ ಓಯಾವೊರೆ ಅಹಿನ್ಯಾ. ಕೊಟ್ಟವರಿಗೆ ಒಂದು ಹಿಡಿ ಜಾಸ್ತಿ ಸೇರಿಸಿ ವಾಪಸ್ ಕೊಡಬೇಕು, ಅಷ್ಟೇ. ಆಮೇಲೆ 'ಇಧಿ ನಾಡೆ?', ಹೇಗಿದ್ದೀರಿ. 'ಅಧಿ ಮಾಬೆರ್', ಚೆನ್ನಾಗಿದ್ದೇನೆ. ಅಷ್ಟಕ್ಕೆ ಮುಗಿಯಲಿಲ್ಲ. ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ನಿಮ್ಮ ಕಡೆ ಮಳೆ ಹೇಗೆ. ಇಷ್ಟೆಲ್ಲ ಆದ ಮೇಲೆ ಬಂದ ವಿಷಯ. 'ಬಂದ ಕೆಲಸ ಮೊದಲೇ ಹೇಳಿಬಿಟ್ಟರೆ ಸಾಲ ವಸೂಲಿಗೆ ಬಂದವರ ಹಾಗೆ ಕಾಣ್ತೀಯ' ಅಂತ ಗೆಳತಿ ಕನ್ನಡದಲ್ಲೇ ಹೇಳಿದಳು.

ಅಹೆರೊದ ಭತ್ತದ ಗದ್ದೆ ಬಂದ ಮೇಲೆ ಬಸ್ಸಿನೊಳಗಿನ ಮಾತೇ ಬದಲಾಯಿತು. ಅಲ್ಲಿವರೆಗೆ ಸ್ವಾಹಿಲಿಯಲ್ಲಿದ್ದ ಜನ ಧೊಲುವೊಗೆ ಹೊರಳಿದರು. ಹಿಂದಿನ ಸೀಟಿನ ವಯಸ್ಸಾದವರು ಫೋನಿನಲ್ಲಿ ಯಾರಿಗೋ ಮಿಸಾವ ಅಂದು, ಒಬ್ಬೊಬ್ಬರನ್ನಾಗಿ ಇಡೀ ಮನೆಯನ್ನು ವಿಚಾರಿಸಿ, ಕೊನೆಗೆ ಅರ್ಧ ಗಂಟೆಯಲ್ಲಿ ಇಳಿಯುತ್ತೇನೆ ಅನ್ನುವ ಒಂದು ಮಾತು ಹೇಳಿ ಇಟ್ಟರು.

ಶನಿವಾರ: ಕಿಸುಮು

ಕಿಸುಮು ರೈಲಿನಿಂದ ಬೆಳೆದ ಊರು. ಮೊಂಬಾಸಾದಿಂದ ಹೊರಟ ಹಳಿ 1901ರಲ್ಲಿ ಇಲ್ಲಿ ಸರೋವರ ಮುಟ್ಟಿತು. ಆ ಹಳಿ ಹಾಕಲು ಆಗಿನ ಇಂಡಿಯಾದಿಂದ, ಅದರಲ್ಲೂ ಪಂಜಾಬಿನಿಂದ, ಸಾವಿರಾರು ಜನರನ್ನು ಕರೆತಂದಿದ್ದರು. ಅವರ ಹಿಂದೆಯೇ ಗುಜರಾತಿನ ವ್ಯಾಪಾರಿಗಳು ಬಂದರು. ಅವರ ಮರಿಮಕ್ಕಳು ಇವತ್ತೂ ಇದ್ದಾರೆ.

ಓಗಿಂಗಾ ಒಡಿಂಗಾ ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಗೆಳತಿ ಕರೆದುಕೊಂಡು ಹೋದಳು. ಅಮ್ಮನ ಮನೆಗೆ ನಲ್ಲಿ ಬೇಕಿತ್ತು. ಗಲ್ಲಾದಲ್ಲಿ ಎಪ್ಪತ್ತು ದಾಟಿದ ಗುಜರಾತಿ ಅಜ್ಜ. ಅವರ ಧೊಲುವೊ ಕೇಳಿ ನಾನು ನಲ್ಲಿ ನೋಡುವುದು ಬಿಟ್ಟು ಅವರನ್ನೇ ನೋಡುತ್ತಾ ನಿಂತೆ. ತಲೆ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ಬಂದರು. ಅಜ್ಜ ಕೂತಲ್ಲಿಂದ ಅರ್ಧ ಎದ್ದು 'ನ್ಯಾರ್ ಸೆಮೆ!' ಅಂದರು. ಸೆಮೆ ಊರಿನ ಮಗಳೇ ಅಂತ. ಆ ಹೆಂಗಸಿನ ಮುಖ ಅರಳಿತು. ಇಬ್ಬರೂ ಕೈ ಹಿಡಿದುಕೊಂಡು ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು. ಕೈ ಬಿಟ್ಟ ಮೇಲೇ ಮೊಳೆ ಎಷ್ಟು ಕೆಜಿ ಅನ್ನುವ ಮಾತು.

ಲುವೊ ಜನ ತಮ್ಮ ಕುಲದೊಳಗೆ ಮದುವೆ ಆಗುವುದಿಲ್ಲ. ಹೆಣ್ಣು ಬೇರೆ ಕಡೆಯಿಂದಲೇ ಬರಬೇಕು. ಹಾಗೆ ಬಂದವಳನ್ನು ಗಂಡನ ಊರಿನವರು ಅವಳ ತವರಿನ ಹೆಸರು ಹಿಡಿದು ಕರೆಯುತ್ತಾರೆ. ನ್ಯಾರ್ ಅಲೆಗೊ, ನ್ಯಾರ್ ಗೆಮ್, ನ್ಯಾರ್ ಅಸೆಂಬೊ. ಮಕ್ಕಳಾದ ಮೇಲೆ ಇನ್ನೊಂದು ಹೆಸರು ಸೇರುತ್ತದೆ. ಮಗಳು ಅಟಿಯೆನೊ ಆದರೆ ತಾಯಿ 'ಮಿನ್ ಅಟಿಯೆನೊ', ತಂದೆ 'ವುವೊನ್ ಅಟಿಯೆನೊ'. ನಮ್ಮಲ್ಲೂ 'ರಾಜು ಅಮ್ಮ' ಅಂತ ಕೂಗುತ್ತೇವಲ್ಲ, ಹಾಗೇ. ವಯಸ್ಸಾದ ಗಂಡಸರಿಗೆ 'ಜಾಡುವೊಙ್', ದೊಡ್ಡವರು. ಅಜ್ಜಿಗೆ 'ಡಾನಿ'. ಸರೀಕರಿಗೆ, ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕ್, ಓಡಿಸುವ ಹುಡುಗರಿಗೆ 'ಓಮೆರಾ', ಅಣ್ಣಾ ತಮ್ಮಾ ಅಂದ ಹಾಗೆ. ಹಿರಿಯರನ್ನು ಬರೀ ಹೆಸರು ಹಿಡಿದು ಕರೆದದ್ದು ಆ ಊರಿನಲ್ಲಿ ನನ್ನ ಕಿವಿಗೆ ಬೀಳಲೇ ಇಲ್ಲ.

ಕನ್ನಡದವರು ತಿಳಿದುಕೊಳ್ಳಬೇಕಾದ್ದು ಇದೇ ಅನ್ನಿಸುತ್ತದೆ. ನಮಗೆ ಗೌರವ ಕ್ರಿಯಾಪದದ ತುದಿಯಲ್ಲಿದೆ. ಬಾ ಅನ್ನುವುದಕ್ಕೂ ಬನ್ನಿ ಅನ್ನುವುದಕ್ಕೂ ಇಡೀ ಸಂಬಂಧವೇ ಬೇರೆ. ಧೊಲುವೊದಲ್ಲಿ ಒಬ್ಬರಿಗೆ 'ಇನ್', ಹಲವರಿಗೆ 'ಉನ್'. ಒಬ್ಬರನ್ನು ಕರೆಯಲು 'ಬಿ', ಗುಂಪನ್ನು ಕರೆಯಲು 'ಬಿಉರು'. ನಾನು ಅಲ್ಲಿದ್ದಷ್ಟು ದಿನವೂ ಅಜ್ಜಿಗೂ ಮೊಮ್ಮಗಳಿಗೂ ಒಂದೇ 'ಬಿ' ಕೇಳಿಸಿತು. ಗೌರವ ಇರುವುದು ಅದರ ಹಿಂದೆ ಮುಂದೆ. ಏನೆಂದು ಕರೆದಿರಿ, ಎಷ್ಟು ಹೊತ್ತು ವಿಚಾರಿಸಿದಿರಿ, ಕೈ ಹೇಗೆ ಕೊಟ್ಟಿರಿ, ಅದರಲ್ಲಿ. ಹಿರಿಯರಿಗೆ ಬಲಗೈ ಕೊಡುವಾಗ ಎಡಗೈಯಿಂದ ಬಲ ಮೊಣಕೈ ಹತ್ತಿರ ಹಿಡಿದುಕೊಂಡು ಸ್ವಲ್ಪ ಬಾಗುತ್ತಾರೆ. ಆ ಬಾಗುವುದರಲ್ಲೇ ನಮ್ಮ 'ರೀ' ಇದೆ ಅಂತ ನನಗೆ ಕಾಣಿಸಿತು.

ಸಂಜೆ ಡುಂಗಾ ಬೀಚ್. ಮೀನುಗಾರರ ದೋಣಿ, ಕರಿದ ಟಿಲಾಪಿಯಾ, ತಂಗಾಳಿ. ದಡದಲ್ಲಿ ಒಬ್ಬ ಹುಡುಗ ಐಸ್ ಪೆಟ್ಟಿಗೆ ಹೊತ್ತು ಬರುವಾಗ ಕಾಲು ಜಾರಿದ. ಸುತ್ತ ಇದ್ದವರೆಲ್ಲ ಒಟ್ಟಿಗೆ 'ಮೋಸ್! ಮೋಸ್!' ಅಂದರು. ಕನ್ನಡದ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ! ಆದರೆ ಇದು ಅಲ್ಲಿನ ತೀರಾ ಮೃದುವಾದ ಮಾತು. ಬೀಳಿಸಿದವರು ಯಾರೂ ಇಲ್ಲ, ತಪ್ಪು ಯಾರದ್ದೂ ಅಲ್ಲ. ನಿನಗೆ ನೋವಾಯಿತಲ್ಲ, ನಮಗೂ ಗೊತ್ತಾಯಿತು, ಅಷ್ಟೇ. ಕ್ಷಮೆ ಕೇಳಲು ಬೇರೆ ಮಾತಿದೆ, 'ಙ್ವೊನ್ನ'. ಅದು ಭಾರದ ಮಾತು, ನಿಜವಾಗಿ ತಪ್ಪಾದಾಗ ಮಾತ್ರ. ಮೋಸ್ ಅನ್ನುವುದನ್ನು ಧಾರಾಳವಾಗಿ ಬಳಸಬಹುದು. ಕೆಮ್ಮಿದವರಿಗೆ, ದೂರದಿಂದ ನಡೆದು ದಣಿದವರಿಗೆ, ಬಸ್ ತಪ್ಪಿಸಿಕೊಂಡವರಿಗೆ.

ಭಾನುವಾರ: ಬೊಂಡೊ ದಾರಿ

ಮಟಾಟು, ಅಂದರೆ ಅಲ್ಲಿನ ಬಾಡಿಗೆ ವ್ಯಾನು, ಬೊಂಡೊ ರಸ್ತೆ ಹಿಡಿಯಿತು. ಸೆಮೆ ಹತ್ತಿರ ಕಿಟ್ ಮಿಕಾಯಿ ಬಂಡೆಗಳು. ಆನೆಗಾತ್ರದ ಕಲ್ಲುಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟ ಹಾಗಿವೆ. ಮಿಕಾಯಿ ಅಂದರೆ ಮೊದಲ ಹೆಂಡತಿ. ಮೊದಲ ಹೆಂಡತಿಯ ಕಲ್ಲು ಅಂತ ಹೆಸರು. ಮಿಕಾಯಿಗೆ ಮನೆಯಲ್ಲಿ ತನ್ನದೇ ಸ್ಥಾನ. ಹಳೆಯ ಕ್ರಮದ ಮನೆಯಂಗಳದಲ್ಲಿ ಅವಳ ಮನೆ ಅಂಗಳದ ಹೆಬ್ಬಾಗಿಲಿಗೆ ನೇರ ಎದುರಾಗಿ ಇರುತ್ತದೆ. ಮದುವೆಯಾಗದ ಗಂಡುಮಕ್ಕಳ ಗುಡಿಸಲು, ಅದಕ್ಕೆ 'ಸಿಂಬಾ' ಅನ್ನುತ್ತಾರೆ, ಹೆಬ್ಬಾಗಿಲ ಹತ್ತಿರ. ಯಾರು ಎಲ್ಲಿ ಮಲಗಬೇಕು, ಯಾರು ಯಾರ ಮನೆಯೊಳಗೆ ಕಾಲಿಡಬಾರದು, ಎಲ್ಲಕ್ಕೂ ಕಟ್ಟುಪಾಡು. ದಾರಿಯಲ್ಲಿ ಗೆಳತಿ ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ಇತ್ತು. ಆ ಮನೆಯಲ್ಲಿ ಮಾತಿಗಿಂತ ಮೊದಲು ನಿಲ್ಲುವ ಜಾಗ ಗೊತ್ತಿರಬೇಕು.

ಮನೆ ಸಕ್ವಾ ಕಡೆಯದು. ಅಮ್ಮ ಅಸೆಂಬೊದಿಂದ ಬಂದವರು, ಹಾಗಾಗಿ ಊರಿಗೆಲ್ಲ ನ್ಯಾರ್ ಅಸೆಂಬೊ. ಬೇಲಿಯ ಹೊರಗೆ ನಿಂತು ಗೆಳತಿ 'ಹೋಡಿ!' ಅಂತ ಕೂಗಿದಳು. ತನ್ನದೇ ಮನೆ, ಆದರೂ ಕೂಗಿದಳು. ಒಳಗಿಂದ 'ಡೊಂಜಿ!' ಬಂತು, ಒಳಗೆ ಬಾ ಅಂತ. ಅಮ್ಮ ಮೊದಲು ನನ್ನ ಹತ್ತಿರ ಬಂದರು, ಆಮೇಲೆ ಮಗಳ ಹತ್ತಿರ. ಅತಿಥಿಗೆ 'ವೆಂಡೊ' ಅನ್ನುತ್ತಾರೆ. ವೆಂಡೊ ಇದ್ದರೆ ಮಗಳ ಸರದಿ ಎರಡನೆಯದು.

ನಾನು ಮೊಣಕೈ ಹಿಡಿದು ಕೈ ಕೊಟ್ಟು 'ಓಸಾವೊರೆ, ಮಮಾ' ಅಂದೆ. 'ಓಸಾವೊರೆ ಅಹಿನ್ಯಾ, ನ್ಯಾರಾ' ಅಂದರು. ನ್ಯಾರಾ, ನನ್ನ ಮಗಳೇ. ಆಮೇಲೆ ನಮ್ಮಮ್ಮ ಹೇಗಿದ್ದಾರೆ ಅಂದರು. ಅಪ್ಪ, ಅಣ್ಣ, ಅಣ್ಣನ ಮಕ್ಕಳು. ಮೈಸೂರಿನಲ್ಲಿ ಮಳೆ ಆಯಿತಾ. ಗೆಳತಿ ಅನುವಾದ ಮಾಡುತ್ತಿದ್ದಳು. ನಾನು ಪ್ರತಿಯೊಂದಕ್ಕೂ 'ಮಾಬೆರ್' ಅನ್ನುತ್ತಾ ಹೋದೆ. ಹೀಗೆ ಬಾಗಿಲಲ್ಲೇ ನಿಂತು ನಮ್ಮ ಮನೆಯವರೆಲ್ಲರ ಹೆಸರು ಒಮ್ಮೆ ಆ ಅಂಗಳದಲ್ಲಿ ಬಂದು ಹೋಯಿತು. ಅದು ಮುಗಿದ ಮೇಲೆ 'ಬೆಡ್ ಪಿನಿ', ಕೂತುಕೋ.

ಸೋಮವಾರ: ಮನೆಯಲ್ಲಿ

ಬೆಳಗ್ಗೆ ಎದ್ದವರಿಗೆ 'ಇಚಿಯೆವೊ ನಾಡೆ?' ಅಂತ ಕೇಳುತ್ತಾರೆ, ಹೇಗೆ ಎದ್ದೆ ಅಂತ. 'ಅಚಿಯೆವೊ ಮಾಬೆರ್' ಅಂತ ಉತ್ತರ. ಮುಖ ತೊಳೆಯುವ ಮೊದಲೇ ಇದು ಆಗಬೇಕು, ಅದೂ ಮನೆಯ ಎಲ್ಲರ ಜೊತೆ, ಒಬ್ಬೊಬ್ಬರ ಹತ್ತಿರವೂ. ಚಿಕ್ಕ ಹುಡುಗ ಒಬ್ಬನಿದ್ದ, ಗೆಳತಿಯ ಚಿಕ್ಕಪ್ಪನ ಮಗ. ಅವನೂ ಬಂದು ಕೈ ಮುಂದೆ ಮಾಡಿ ಗಂಭೀರವಾಗಿ ಕೇಳಿ ಹೋದ.

ಆ ಹುಡುಗನಿಗೂ ಅಜ್ಜಿಗೂ, ಅಂದರೆ ಗೆಳತಿಯ ಅಪ್ಪನ ಅಮ್ಮನಿಗೂ, ಇರುವ ಸಲಿಗೆ ನೋಡಬೇಕಿತ್ತು. ಅಜ್ಜಿ ಅವನನ್ನು 'ಚುವೊರಾ' ಅಂತ ಕರೆಯುತ್ತಾರೆ, ನನ್ನ ಗಂಡ ಅಂತ! ನನಗೆ ಸೀರೆ ತಂದುಕೊಡದ ಗಂಡ ಯಾತಕ್ಕೆ ಅಂತ ನಮ್ಮ ಕಡೆ ಅಜ್ಜಿಯರು ತಮಾಷೆ ಮಾಡುವುದಿಲ್ವಾ, ಅದೇ ಧಾಟಿ. ಅವನೂ ಅಜ್ಜಿಗೆ ತಿರುಗಿ ಮಾತಾಡುತ್ತಾನೆ, ಅಡುಗೆ ಚೆನ್ನಾಗಿಲ್ಲ ಅನ್ನುತ್ತಾನೆ. ಅಪ್ಪನ ಎದುರು ಮಾತ್ರ ಕೇಳಿದ್ದಕ್ಕೆ ಮಾತ್ರ ಉತ್ತರ. ಲುವೊ ಮನೆಗಳಲ್ಲಿ ಒಂದು ತಲೆಮಾರು ಬಿಟ್ಟು ಸಲಿಗೆ, ಪಕ್ಕದ ತಲೆಮಾರಿನ ಜೊತೆ ಅಂಕೆ. ಇದನ್ನು ಅರ್ಥ ಮಾಡಿಕೊಂಡರೆ ಯಾರ ಹತ್ತಿರ ನಗಬಹುದು, ಯಾರ ಹತ್ತಿರ ತಗ್ಗಿ ಮಾತಾಡಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಮಧ್ಯಾಹ್ನದ ಊಟಕ್ಕೆ ಮೊದಲು ಹುಡುಗಿಯೊಬ್ಬಳು ಬಿಸಿನೀರಿನ ಜಗ್ಗು, ಬೋಗುಣಿ ತಂದಳು. ಎದುರು ಮಂಡಿಯೂರಿ, ನನ್ನ ಕೈಗೆ ನಿಧಾನ ನೀರು ಹಾಕಿದಳು. ಆಮೇಲೆ ಅಜ್ಜಿಗೆ, ಅಮ್ಮನಿಗೆ, ಹೀಗೆ ವಯಸ್ಸಿನ ಲೆಕ್ಕದಲ್ಲಿ. ನೀರು ಹಾಕಿದವಳಿಗೆ 'ಎರೋಕಮಾನೊ' ಅನ್ನಬೇಕು. ಧನ್ಯವಾದ ಹೇಳುವುದರಲ್ಲಿ ಅವರು ಜಿಪುಣರಲ್ಲ. ಮನೆಯವರ ನಡುವೆ, ಮಕ್ಕಳಿಗೂ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಅಮ್ಮನಿಗೆ ಥ್ಯಾಂಕ್ಸ್ ಅಂದರೆ 'ನಾನೇನು ಪರಕೀಯಳಾ' ಅನ್ನುತ್ತಾರೆ. ಇಲ್ಲಿ ಹಾಗಿಲ್ಲ. ಊಟ ಮುಗಿದ ಮೇಲೆ ಎಲ್ಲರೂ ಅಡುಗೆ ಮಾಡಿದವರ ಕಡೆ ತಿರುಗಿ 'ಎರೋಕಮಾನೊ ಕುವೊಮ್ ಚಿಯೆಮೊ', ಊಟಕ್ಕೆ ಧನ್ಯವಾದ, ಅನ್ನುತ್ತಾರೆ. ನನಗೆ ಈ ಪದ್ಧತಿ ತುಂಬಾ ಇಷ್ಟವಾಯಿತು.

ತಟ್ಟೆಯಲ್ಲಿ ಕುವೊನ್, ಅಂದರೆ ಅವರ ಮುದ್ದೆ, ಸಾರಿನಲ್ಲಿ ಬೇಯಿಸಿದ ಮೀನು, ಹಾಲು ಹಾಕಿದ ಸೊಪ್ಪು. ಕುವೊನ್ ಸಾಮಾನ್ಯವಾಗಿ ಮುಸುಕಿನ ಜೋಳದ ಹಿಟ್ಟಿನದು, ಬಿಳಿ. ಅವತ್ತು ಅಮ್ಮ ನನಗೋಸ್ಕರ 'ಕಾಲ್' ಹಿಟ್ಟಿನಲ್ಲಿ ಮಾಡಿದ್ದರು. ಕಾಲ್ ಅಂದರೆ ನಮ್ಮ ರಾಗಿ! ಕಡುಕಂದು ಬಣ್ಣ, ಅದೇ ವಾಸನೆ. ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ಸೀಮೆಯ ಬೆಳೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆ ಬಂದದ್ದು. ಮಂಡ್ಯದವರು ಈ ಮನೆಯಲ್ಲಿ ಒಂದು ವಾರ ಆರಾಮಾಗಿ ಇರಬಹುದು. ಒಂದೇ ವ್ಯತ್ಯಾಸ, ಇಲ್ಲಿ ತುತ್ತನ್ನು ಅಗಿದು ತಿನ್ನುತ್ತಾರೆ.

ಬಡಿಸುವಾಗ ಬೇಡ ಅಂತ ನೇರವಾಗಿ ಕೈ ಅಡ್ಡ ಹಿಡಿಯುವುದು ಒಳ್ಳೆಯದಲ್ಲ. ಸ್ವಲ್ಪ ಹಾಕಿಸಿಕೊಂಡು ತಿಂದು, ಆಮೇಲೆ 'ಅಯಿಯೆಙ್' ಅನ್ನಬೇಕು, ಹೊಟ್ಟೆ ತುಂಬಿತು. ಏನಾದರೂ ಬೇಕಾದರೆ 'ಯಿಯೆ' ಸೇರಿಸಿ ಕೇಳಬೇಕು. 'ಮಿಯಾ ಪಿ' ಅಂದರೆ ನೀರು ಕೊಡು. ಮಕ್ಕಳಿಗೆ ಹಾಗೆ ಹೇಳಬಹುದು. ಹಿರಿಯರಿಗೆ 'ಯಿಯೆ ಇಮಿಯಾ ಪಿ', ದಯವಿಟ್ಟು ನೀರು ಕೊಡ್ತೀರಾ. ದೊಡ್ಡ ಸಹಾಯ ಬೇಕಾದರೆ 'ಅಕ್ವಾಯಿ', ಕೇಳಿಕೊಳ್ಳುತ್ತಿದ್ದೇನೆ, ಅಂತ ಶುರು ಮಾಡಿ ಆಮೇಲೆ ವಿಷಯ.

ಊಟ ಆಗಿ ಸ್ವಲ್ಪ ಹೊತ್ತಿಗೆ ಗೆಳತಿಯ ಅಕ್ಕನ ಗಂಡ ಬಂದರು. ಎಲ್ಲರೂ ನಗುನಗುತ್ತಾ ಕೈ ಕೊಟ್ಟರು, ಅಮ್ಮ ಒಬ್ಬರನ್ನು ಬಿಟ್ಟು. ಅತ್ತೆ ಅಳಿಯ ಕೈ ಮುಟ್ಟಲಿಲ್ಲ. ದೂರದಿಂದಲೇ, ಕಣ್ಣು ಕೆಳಗೆ ಹಾಕಿ, ಮೆಲ್ಲಗೆ ವಿಚಾರಿಸಿಕೊಂಡರು. ಅಳಿಯನಿಗೆ ಚಹಾ ಬೇರೆ ಕೋಣೆಯಲ್ಲಿ. ಅತ್ತೆಯ ಎದುರು ಅಳಿಯ ಊಟ ಮಾಡುವುದು, ಅತ್ತೆ ಮನೆಯಲ್ಲಿ ರಾತ್ರಿ ಉಳಿಯುವುದು ಹಳೆಯ ಪದ್ಧತಿಯಲ್ಲಿ ಇಲ್ಲ. ಪೇಟೆಯಲ್ಲಿ ಈಗ ಇದೆಲ್ಲ ಸಡಿಲ. ಈ ಮನೆಯಲ್ಲಿ ಬಿಟ್ಟಿಲ್ಲ. ಆಮೇಲೆ ಅಮ್ಮ ಅಳಿಯನ ಬಗ್ಗೆ ಎಷ್ಟು ಪ್ರೀತಿಯಿಂದ ಮಾತಾಡಿದರು ಅಂದರೆ, ಆ ದೂರ ಎಷ್ಟು ಬೆಲೆಬಾಳುವಂಥದ್ದು ಅಂತ ಗೊತ್ತಾಯಿತು.

ಮಂಗಳವಾರ: ಕಾಙೊ ಕಾ ಜರಮೋಗಿ

ಬೊಂಡೊ ಹತ್ತಿರವೇ ಜರಮೋಗಿ ಓಗಿಂಗಾ ಒಡಿಂಗಾ ಅವರ ಮನೆ, ಅದೇ ಕಾಙೊ ಕಾ ಜರಮೋಗಿ. ಸ್ವತಂತ್ರ ಕೀನ್ಯಾದ ಮೊದಲ ಉಪರಾಷ್ಟ್ರಪತಿ, 1994ರಲ್ಲಿ ತೀರಿಕೊಂಡರು. ಸಮಾಧಿ ಅಲ್ಲೇ ಇದೆ. ಅವರ ಮಗ ರೈಲಾ ಒಡಿಂಗಾ, ಕೀನ್ಯಾದ ಮಾಜಿ ಪ್ರಧಾನಿ, ಅವರನ್ನೂ 2025ರ ಅಕ್ಟೋಬರಿನಲ್ಲಿ ಅಲ್ಲೇ ಮಣ್ಣು ಮಾಡಿದರು. ರೈಲಾ ಅವರನ್ನು ಲುವೊ ಸೀಮೆಯಲ್ಲಿ ಹೆಸರು ಹಿಡಿದು ಕರೆದವರು ಕಡಿಮೆ. 'ಬಾಬಾ', ಅಪ್ಪ, ಅಂದರೆ ಅವರೇ. ದೇಶದ ರಾಜಕಾರಣಿಯನ್ನೂ ಮನೆಯ ಸಂಬಂಧದಲ್ಲೇ ಕರೆಯುತ್ತಾರೆ.

ಅಲ್ಲಿ ಮರದ ನೆರಳಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಎಲ್ಲಿಂದ ಬಂದದ್ದು ಅಂತ ಕೇಳಿದರು. ಇಂಡಿಯಾ ಅಂದೆ. ಅವರು ಸ್ವಲ್ಪ ಸುಮ್ಮನಿದ್ದು, 'ಕೇರಳ' ಅಂದರು. ರೈಲಾ ಆಯುರ್ವೇದ ಚಿಕಿತ್ಸೆಗೆ ಹೋಗಿದ್ದಾಗ 2025ರ ಅಕ್ಟೋಬರ್ 15ರಂದು ತೀರಿಕೊಂಡದ್ದು ಕೇರಳದ ಕೂತಾಟ್ಟುಕುಳಂನಲ್ಲಿ. ನಮ್ಮ ಪಕ್ಕದ ರಾಜ್ಯ. ನಾನು ಕೈ ಕೊಟ್ಟು, 'ಮೋಸ್ ಅಹಿನ್ಯಾ, ಜಾಡುವೊಙ್' ಅಂದೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕೇರಳದಿಂದ ನಮ್ಮೂರು ಎಷ್ಟು ದೂರ, ಅಲ್ಲಿಯವರ ಭಾಷೆ ನಮಗೆ ತಿಳಿಯುತ್ತದಾ, ಅಲ್ಲಿನ ಜನ ಒಳ್ಳೆಯವರಾ ಅಂತೆಲ್ಲ ಕೇಳಿದರು. ಒಳ್ಳೆಯವರು ಅಂದೆ. ಅದು ಅವರಿಗೆ ಬೇಕಾಗಿದ್ದ ಮಾತು ಅನ್ನಿಸಿತು.

ಬುಧವಾರ: ಮಳೆ

ಹೊರಗೆ ಹೋಗಲಾಗಲಿಲ್ಲ. ಅಜ್ಜಿ ಕಥೆ ಹೇಳಿದರು. ಮೊದಲೆಲ್ಲ ಹೆಣ್ಣುಮಕ್ಕಳು ರಾತ್ರಿ ಅಜ್ಜಿಯ ಗುಡಿಸಲಲ್ಲಿ ಮಲಗಿ ಕಥೆ, ನಡೆನುಡಿ ಕಲಿಯುತ್ತಿದ್ದರು. ಆ ಗುಡಿಸಲಿಗೆ 'ಸಿವಿಂಧೆ' ಅಂತ ಹೆಸರು.

ಅವತ್ತಿನ ಕಥೆ ಸಿಂಬಿ ನ್ಯಾಯಿಮಾದು. ಹೋಮಾ ಬೇ ಕೌಂಟಿಯ ಕೆಂಡು ಬೇ ಹತ್ತಿರ ಇರುವ ಸಣ್ಣ ಕುಳಿ ಸರೋವರ, ಹಸಿರು ಉಪ್ಪುನೀರು, ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ. ಅದು ಮೊದಲು ಒಂದು ಹಳ್ಳಿಯಾಗಿತ್ತಂತೆ. ಒಂದು ಸಂಜೆ ಜನ ಕುಡಿದು ಕುಣಿಯುತ್ತಿದ್ದಾಗ ಒಬ್ಬ ಮುದುಕಿ ಚಳಿಯಲ್ಲಿ ನಡುಗುತ್ತಾ ಬಂದಳು. ಬೆಂಕಿ ಹತ್ತಿರ ಕೂರಲು ಜಾಗ ಕೇಳಿದಳು. ಎಲ್ಲರೂ ಅಟ್ಟಿದರು. ಒಬ್ಬ ಹೆಂಗಸು ಮಾತ್ರ ಒಳಗೆ ಕರೆದು ಊಟ ಕೊಟ್ಟಳು. ಮುದುಕಿ ಅವಳಿಗೆ ಈ ಊರು ಬಿಟ್ಟು ನನ್ನ ಜೊತೆ ಬಾ ಅಂದಳು. ಗಂಡನನ್ನು ಕರೆದರೆ ಅವನು ಕುಣಿತ ಬಿಟ್ಟು ಬರಲಿಲ್ಲ. ಇವರಿಬ್ಬರೂ ಊರು ದಾಟಿದ ಮೇಲೆ ಮಳೆ ಸುರಿದು ಊರಿಗೆ ಊರೇ ಮುಳುಗಿತು.

ಅಜ್ಜಿ ಮುದುಕಿಯನ್ನು ಊರವರು ಅಟ್ಟಿದ ಮಾತನ್ನು ಹೇಳುವಾಗ ದನಿ ಒರಟು ಮಾಡಿದರು. ಯಾರೂ ಅವಳನ್ನು ಡಾನಿ ಅನ್ನಲಿಲ್ಲ, ಮಮಾ ಅನ್ನಲಿಲ್ಲ, ಬರೀ 'ಹೋಗು' ಅಂದರು. ಒಳಗೆ ಕರೆದ ಹೆಂಗಸಿನ ಮಾತು ಬಂದಾಗ ಓಯಿಮೊರೆ, ಡಾನಿ, ಬೆಡ್ ಪಿನಿ, ಎಲ್ಲವನ್ನೂ ಒಂದೊಂದಾಗಿ, ನಿಧಾನವಾಗಿ ಹೇಳಿದರು. ಹುಡುಗ ಬಾಯಿ ತೆರೆದು ಕೇಳುತ್ತಿದ್ದ.

ಗುರುವಾರ: ಸಾವಿನ ಮನೆ

ಪಕ್ಕದ ಊರಿನಲ್ಲಿ ಅಮ್ಮನಿಗೆ ಬೇಕಾದವರೊಬ್ಬರು ತೀರಿಕೊಂಡಿದ್ದರು. ನೀನೂ ಬಾ, ವೆಂಡೊ ಬಂದರೆ ಅವರಿಗೆ ಗೌರವ ಅಂದರು. ಲುವೊ ಜನರಿಗೆ ಸಾವಿನ ಮನೆಗೆ ಹೋಗುವುದು ತಪ್ಪಿಸಲಾರದ ಕೆಲಸ. ನೈರೋಬಿಯಿಂದಲೂ ರಾತ್ರಿಯೆಲ್ಲ ಪ್ರಯಾಣ ಮಾಡಿ ಬರುತ್ತಾರೆ.

ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ನಾವು ಸಾಲಾಗಿ ಹೋಗಿ ಮನೆಯವರೆಲ್ಲರ ಕೈ ಹಿಡಿದು 'ಮೋಸ್' ಅಂದೆವು. ಅಷ್ಟೇ ಮಾತು. ಹೇಗಾಯಿತು, ಯಾವಾಗಿಂದ ಹುಷಾರಿರಲಿಲ್ಲ, ಯಾವ ಡಾಕ್ಟರು ಅಂತ ನಮ್ಮ ಕಡೆ ಕೇಳುವ ಪ್ರಶ್ನೆ ಯಾವುದನ್ನೂ ಅಮ್ಮ ಕೇಳಲಿಲ್ಲ. ಮನೆಯವರೇ ಹೇಳುವವರೆಗೆ ಕಾದರು. ಕೈಗೆ ಮಡಚಿದ ನೋಟು ಕೊಟ್ಟರು. ಕೊಟ್ಟವರ ಹೆಸರನ್ನು ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಂತರ ಬಹಳ ಹೊತ್ತು ಕೂತೆವು. ಸುಮ್ಮನೆ ಕೂರುವುದೂ ಅಲ್ಲಿ ಒಂದು ಮಾತೇ. ಬೇಗ ಎದ್ದು ಹೋಗುವವರು ಯಾಕೆ ಬಂದರು ಅಂತ ಕೇಳುತ್ತಾರೆ, ಎದುರಿಗಲ್ಲ, ಆಮೇಲೆ.

ಶುಕ್ರವಾರ: ಹೊರಡುವುದು

ಹೊರಡುವ ವೆಂಡೊವನ್ನು ಬಾಗಿಲಲ್ಲೇ ಕಳಿಸುವುದಿಲ್ಲ. ಜೊತೆಗೆ ನಡೆದು ರಸ್ತೆಯವರೆಗೆ ಬಿಡುತ್ತಾರೆ. ಹಾಗೆ ಬಿಟ್ಟುಬರುವುದಕ್ಕೆ 'ಕೋವೊ' ಅನ್ನುತ್ತಾರೆ. ಅಮ್ಮ, ಹುಡುಗ, ಪಕ್ಕದ ಮನೆಯ ಇಬ್ಬರು, ಎಲ್ಲರೂ ಹೊರಟರು. ನನ್ನ ಚೀಲ ನನ್ನ ಕೈಗೆ ಸಿಗಲೇ ಇಲ್ಲ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಹತ್ತಿರವೂ ನಿಂತು ಮಾತು. ಸ್ಟೇಜಿನಲ್ಲಿ, ಅಂದರೆ ಮಟಾಟು ನಿಲ್ಲುವ ಜಾಗದಲ್ಲಿ, ಅಮ್ಮ 'ಮೋಸ್ನಾ ಜೊಡಾಲಾ' ಅಂದರು, ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಆಮೇಲೆ 'ಓರಿಟಿ'. ಹೋಗುವವರೂ ಉಳಿಯುವವರೂ ಅದನ್ನೇ ಹೇಳುತ್ತಾರೆ. ನಾನು 'ಓರಿಟಿ, ಮಮಾ, ಎರೋಕಮಾನೊ ಅಹಿನ್ಯಾ' ಅಂದೆ. ಮಟಾಟು ಕಂಡಕ್ಟರ್ ಬೇಗ ಬೇಗ ಅನ್ನಲಿಲ್ಲ. ಅವನೂ ಇಳಿದು ಅಮ್ಮನಿಗೆ ಕೈ ಕೊಟ್ಟು ವಿಚಾರಿಸಿ, ಆಮೇಲೆ ಬಾಗಿಲು ಎಳೆದ.

ಕಿಸುಮು ತಲುಪಿದ ಮೇಲೆ ಫೋನ್ ಮಾಡಿದೆ. ಬೆಳಗ್ಗೆಯಷ್ಟೇ ಬಿಟ್ಟುಬಂದ ಮನೆ. ಆದರೂ ಓಯಿಮೊರೆ, ಇಧಿ ನಾಡೆ, ಅಜ್ಜಿ ಹೇಗಿದ್ದಾರೆ, ಹುಡುಗ ಹೇಗಿದ್ದಾನೆ, ಎಲ್ಲ ಮೊದಲಿನಿಂದ ಕೇಳಿದೆ. ಅಮ್ಮ ಎಲ್ಲದಕ್ಕೂ ಉತ್ತರ ಕೊಟ್ಟು, ಗೆಳತಿ ಹೇಗಿದ್ದಾಳೆ, ಮಟಾಟು ಹೇಗಿತ್ತು, ಕಿಸುಮುವಿನಲ್ಲಿ ಮಳೆ ಇದೆಯಾ ಅಂತ ಕೇಳಿದರು. ಅಷ್ಟಾದ ಮೇಲೆ, ನಾವು ಕ್ಷೇಮವಾಗಿ ತಲುಪಿದೆವು ಅಂತ ಹೇಳಿದೆ.